ಏಣಿಯಿಂದ ಬಿದ್ದವನ ಸಿಟ್ಟು

ಕಾಫಿ ತೋಟದಲ್ಲಿ ಅಪಾಯ ಅಂದ ಕೂಡಲೇ ಎಲ್ಲರೂ ಆನೆ ಅನ್ನುತ್ತಾರೆ. ಕೊಡಗಿನ ಸಿದ್ದಾಪುರ, ಪಾಲಿಬೆಟ್ಟದ ಕಡೆಯವರಿಗೆ ಆ ಭಯ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಎಸ್ಟೇಟ್ ರೈಟರ್ ಆಗಿ ಹಾಜರಿ, ಬಟವಾಡೆ, ಗೊಬ್ಬರದ ಲೆಕ್ಕ ಬರೆಯುವ ನನಗೆ ಆನೆಗಿಂತ ಜಾಸ್ತಿ ಭಯ ಮೆಣಸು ಕೊಯ್ಲಿನ ಏಣಿಯದು. ಸಿಲ್ವರ್ ಓಕ್ ಮರ ನೆಟ್ಟಗೆ ಮೇಲೆ ಹೋಗುತ್ತದೆ, ಬಳ್ಳಿ ಅದರ ಜೊತೆಗೇ ಹೋಗುತ್ತದೆ, ಕಾಳು ಎಲ್ಲಿದೆಯೋ ಮನುಷ್ಯ ಅಲ್ಲಿಗೆ ಹೋಗಲೇಬೇಕು. ಒಂಟಿ ಬಿದಿರಿನ ಏಣಿ, ಸೊಂಟಕ್ಕೆ ಚೀಲ, ಒಂದು ಕೈ ಬಳ್ಳಿಯಲ್ಲಿ. ಬಿದ್ದು ಕೈಕಾಲು ಮುರಿದುಕೊಂಡವರನ್ನು ಎಲ್ಲರೂ ನೋಡಿರುತ್ತೇವೆ. ತಲೆಗೆ ಪೆಟ್ಟಾಗಿ, ಹೊರಗೆ ಏನೂ ಕಾಣದೆ ವಾಪಸ್ ಬಂದವರನ್ನು ಮಾತ್ರ ನಾವು ಸರಿಯಾಗಿ ನೋಡುವುದಿಲ್ಲ.

ನಮ್ಮಲ್ಲಿ ಹಾಗೆ ವಾಪಸ್ ಬಂದವನೊಬ್ಬ ಇದ್ದಾನೆ. ಹೆಸರು ಬೇಡ, ಏಣಿಯವನು ಅನ್ನೋಣ. ಬೀಳುವ ಮೊದಲು ತೋಟದ ಕೆಲಸದವರ ಲೈನ್ ಮನೆಗಳಲ್ಲಿ ಜಗಳ ಬಿಡಿಸುವ ಆಸಾಮಿ ಅವನೇ. ಚೀಟಿ ದುಡ್ಡು ಅವನ ಕೈಯಲ್ಲೇ ಇರುತ್ತಿತ್ತು, ಒಂದು ರೂಪಾಯಿ ಆಚೀಚೆ ಆದದ್ದಿಲ್ಲ. ಸಂತೆ ದಿನ ಕುಡಿಯುತ್ತಿದ್ದ, ಕುಡಿದರೆ ಹಾಡು ಹೇಳಿ ಮಲಗುತ್ತಿದ್ದ. ಬಿದ್ದಾಗ ಸುಮಾರು ಹೊತ್ತು ಪ್ರಜ್ಞೆ ಇರಲಿಲ್ಲ. ಜೀಪಿನಲ್ಲಿ ಮೈಸೂರಿಗೆ ಒಯ್ದೆವು. ಸ್ಕ್ಯಾನ್ ಆಯಿತು. ಮೆದುಳಿನ ಮುಂಭಾಗದಲ್ಲಿ ಎರಡೂ ಕಡೆ ಸ್ವಲ್ಪ ರಕ್ತ ಹೆಪ್ಪುಗಟ್ಟಿದೆ, ಆಪರೇಷನ್ ಬೇಡ ಅಂದರು. ಕೈಕಾಲು ಆಡುತ್ತಿತ್ತು, ಮಾತು ಸರಿಯಿತ್ತು, ಮಕ್ಕಳ ಹೆಸರು ಹೇಳಿದ. ದೇವರು ದೊಡ್ಡವನು ಅಂತ ಮನೆಗೆ ಕರೆತಂದೆವು.

ಅವನು ಬಂದಾಗ ತೋಟದಲ್ಲಿ ಹೂ ಬಿಟ್ಟಿತ್ತು. ಹೂಮಳೆ ಆದ ಮೇಲೆ ರೊಬಸ್ಟಾ ಕಾಫಿ ಅರಳಿದರೆ ಹೇಗಿರುತ್ತದೆ ಅಂತ ಕೊಡಗಿನವರಿಗೆ ಗೊತ್ತು, ಕೆಲವರಿಗೆ ಆ ವಾಸನೆಗೆ ತಲೆನೋವೇ ಬರುತ್ತದೆ. ಇವನು ತನಗೆ ಏನೂ ವಾಸನೆ ಬರುತ್ತಿಲ್ಲ ಅಂದ. ಶೀತ ಇರಬೇಕು ಅಂತ ಬಿಟ್ಟೆವು. ಆಮೇಲೆ ಒಲೆಯ ಮೇಲೆ ಅನ್ನ ಸೀದು ಕರಿಯಾದರೂ ಪಕ್ಕದಲ್ಲೇ ಕೂತಿದ್ದ ಅಂತ ಅವನ ಹೆಂಡತಿ ಹೇಳಿದಳು. ಮಳೆಗಾಲದ ಹೊತ್ತಿಗೆ ಬೇರೆ ಸುದ್ದಿಗಳು ಬರತೊಡಗಿದವು. ಚೀಟಿ ದುಡ್ಡಲ್ಲಿ ಮೊಬೈಲ್ ತೆಗೆದುಕೊಂಡ, ಕೇಳಿದರೆ ನಕ್ಕ. ಹೆಂಗಸರ ಎದುರು ಆಡಬಾರದ ಮಾತು ಆಡಿದ. ಸಾಕಿದ ನಾಯಿಗೆ ಒದ್ದ. ಮೊದಲು ಹಾಡು ಹೇಳಿಸುತ್ತಿದ್ದ ಎಣ್ಣೆ ಈಗ ಪಾತ್ರೆ ಎಸೆಯುವಂತೆ ಮಾಡುತ್ತಿತ್ತು. ಕೊನೆಗೊಂದು ಸಂತೆ ದಿನ, ಮೊಬೈಲ್ ಚಾರ್ಜರ್ ಯಾರದು ಅನ್ನೋ ಜಗಳದಲ್ಲಿ, ಹೆಂಡತಿಯ ತಮ್ಮನ ಹೆಗಲಿಗೆ ಕತ್ತಿಯಿಂದ ಹೊಡೆದ. ಬದುಕಿದ್ದು ಪುಣ್ಯ. ಕೊಲೆ ಯತ್ನದ ಕೇಸಾಯಿತು.

ಊರಿನ ತೀರ್ಮಾನ ಎರಡೇ ಪದ: ಕುಡಿದು ಹೊಡೆದ.

ನನ್ನ ಮಗಳು ನರ್ಸಿಂಗ್ ಓದುತ್ತಿದ್ದಾಳೆ. ಅವಳಿಗೆ ಹಳೆ ಡಿಸ್ಚಾರ್ಜ್ ಶೀಟಿನ ಫೋಟೋ ಕಳಿಸಿದೆ. ಅವಳು ಸಿಟ್ಟಿನ ಬಗ್ಗೆ ಕೇಳಲೇ ಇಲ್ಲ. ಕೇಳಿದ ಮೊದಲ ಪ್ರಶ್ನೆ, "ಅಪ್ಪ, ಅವರಿಗೆ ವಾಸನೆ ಬರುತ್ತಾ?"

ಅಲ್ಲಿಂದ ಶುರುವಾಯಿತು ನನ್ನ ಓದು. ಮೆದುಳಿನ ಮುಂಭಾಗ ಹಣೆಯ ಹಿಂದೆ, ಕಣ್ಣುಗುಳಿಯ ಮೇಲಿನ ಮೂಳೆಯ ಮೇಲೆ ಕೂತಿರುತ್ತದೆ. ಆ ಮೂಳೆ ನಯವಾಗಿಲ್ಲ, ಏರುತಗ್ಗು. ತಲೆ ನೆಲಕ್ಕೆ ಬಡಿದಾಗ ಒಳಗಿನ ಮೆದುಳು ಅಲುಗಿ ಆ ಒರಟು ಮೂಳೆಗೆ ಉಜ್ಜುತ್ತದೆ. ಪೆಟ್ಟು ತಲೆಯ ಹಿಂದೆ ಬಿದ್ದಿದ್ದರೂ ಗಾಯ ಮುಂದೆ ಆಗಬಹುದು. ಮೂಗಿನಿಂದ ಮೇಲೆ ಹೋಗುವ ವಾಸನೆಯ ನರದ ಎಳೆಗಳು ಅಲ್ಲೇ ಸಣ್ಣ ಸಣ್ಣ ತೂತುಗಳ ಮೂಲಕ ಹಾದುಹೋಗುತ್ತವೆ. ಅವು ತುಂಡಾದರೆ ವಾಸನೆ ಹೋಗುತ್ತದೆ. ವಾಸನೆ ಹೋದವರೆಲ್ಲ ಸಿಡುಕರಾಗುತ್ತಾರೆ ಅಂತಲ್ಲ. ಆದರೆ ತಲೆಗೆ ಪೆಟ್ಟು ಬಿದ್ದವನಿಗೆ ವಾಸನೆ ಹೋಯಿತು ಅಂದರೆ, ಅದರ ನೆತ್ತಿಯ ಮೇಲೇ ಇರುವ ಮೆದುಳಿನ ಭಾಗವೂ ಪೆಟ್ಟು ತಿಂದಿರಬಹುದು ಅಂತ ಡಾಕ್ಟರುಗಳು ಅನುಮಾನಪಡುತ್ತಾರೆ.

ಆ ಭಾಗದ ಕೆಲಸ ಏನು? ಕಿವಿಯ ನೇರಕ್ಕೆ ಒಳಗೆ, ಎಡಬಲಕ್ಕೆ ಒಂದೊಂದು, ಅಮಿಗ್ಡಾಲ ಅನ್ನೋ ಸಣ್ಣ ಭಾಗ ಇದೆ. ಭಯ, ಅಪಾಯ, ಅವಮಾನ ಇದಕ್ಕೆಲ್ಲ ಮೊದಲು ಎಚ್ಚರಗೊಳ್ಳುವುದು ಅದು. ತೋಟದ ಮನೆಯ ನಾಯಿಯ ಹಾಗೆ, ಎಲೆ ಅಲುಗಿದರೂ ಬೊಗಳುತ್ತದೆ. ಮನೆಯವರು ಜಗಲಿಗೆ ಬಂದು ನೋಡಿ "ಸುಮ್ನಿರು, ಪೋಸ್ಟ್‌ಮ್ಯಾನ್" ಅನ್ನಬೇಕು. ಹಾಗೆ ಅನ್ನುವುದು ಮೆದುಳಿನ ಮುಂಭಾಗ. ಏಣಿಯವನ ಮನೆಯಲ್ಲಿ ನಾಯಿ ಮೊದಲಿನದೇ, ಜಗಲಿಗೆ ಬರುವವರು ಮಾತ್ರ ಇಲ್ಲ. ಕುಡಿತ ಏನು ಮಾಡುತ್ತದೆ ಅಂತ ಈಗ ಅರ್ಥವಾಗುತ್ತದೆ. ಸಾರಾಯಿ ಮೊದಲು ಮಂಕುಗೊಳಿಸುವುದೂ ಇದೇ ತಡೆಯುವ ಶಕ್ತಿಯನ್ನು. ಅರ್ಧ ಹೋದದ್ದರ ಮೇಲೆ ಇನ್ನರ್ಧ ಹೋದ ಹಾಗೆ. ಊರಿನವರು "ಕುಡಿದು ಹೊಡೆದ" ಅಂದದ್ದು ಸುಳ್ಳಲ್ಲ, ಅರ್ಧ ಕಥೆ.

ಈ ವಿಷಯ ಓದಲು ಹೋದರೆ ಮೊದಲು ಎದುರಾಗುವವನು ಫಿನಿಯಸ್ ಗೇಜ್. 1848ರ ಸೆಪ್ಟೆಂಬರ್ 13, ಅಮೆರಿಕದ ವರ್ಮಾಂಟ್. ರೈಲ್ವೆಗಾಗಿ ಬಂಡೆ ಒಡೆಸುವ ಮೇಸ್ತ್ರಿ. ಮದ್ದು ಸಿಡಿದು, ಮೂರೂವರೆ ಅಡಿಗಿಂತ ಉದ್ದದ ಕಬ್ಬಿಣದ ಸಲಾಕೆ ಕೆನ್ನೆಯಿಂದ ಒಳಹೊಕ್ಕು ನೆತ್ತಿಯಿಂದ ಹೊರಗೆ ಹೋಯಿತು. ಸಾಯಲಿಲ್ಲ. ಆದರೆ ಅವನು ಈಗ ಗೇಜ್ ಅಲ್ಲ ಅಂತ ಅವನ ಸ್ನೇಹಿತರು ಹೇಳಿದ್ದನ್ನು ಡಾಕ್ಟರ್ ಹಾರ್ಲೋ ಬರೆದಿಟ್ಟ. ಬಾಯಿ ಹೊಲಸಾಯಿತು, ಮಾತಿಗೆ ನಿಲ್ಲಲಿಲ್ಲ. ಕಥೆ ಹೇಳುವವರು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸುತ್ತಾರೆ. ನನಗೆ ಇಷ್ಟವಾದದ್ದು ಮುಂದಿನ ಭಾಗ. ಗೇಜ್ ಯಾರನ್ನೂ ಕೊಲ್ಲಲಿಲ್ಲ. ಚಿಲಿ ದೇಶಕ್ಕೆ ಹೋಗಿ ವರ್ಷಗಟ್ಟಲೆ ಕುದುರೆ ಕೋಚ್ ಓಡಿಸಿದ. ಹೊತ್ತಿಗೆ ಸರಿಯಾಗಿ ಕುದುರೆ ಕಟ್ಟಬೇಕು, ಜನ ಹತ್ತಿಸಬೇಕು, ದುಡ್ಡು ಎಣಿಸಬೇಕು. ದಿನಾ ಅದೇ ಕೆಲಸ ಅವನನ್ನು ತಕ್ಕಮಟ್ಟಿಗೆ ನೆಟ್ಟಗೆ ಮಾಡಿತು ಅಂತ ಈಗಿನ ಕೆಲವರು ನಂಬುತ್ತಾರೆ. 1860ರಲ್ಲಿ ಫಿಟ್ಸ್ ಬಂದು ಸತ್ತ.

ಇನ್ನೊಂದು 1997ರದು. ಏಡ್ರಿಯನ್ ರೈನ್ ಅನ್ನೋ ಸಂಶೋಧಕ ಕ್ಯಾಲಿಫೋರ್ನಿಯಾದಲ್ಲಿ 41 ಕೊಲೆ ಆರೋಪಿಗಳ ಮೆದುಳನ್ನು ಪೆಟ್ ಸ್ಕ್ಯಾನ್ ಮಾಡಿದ. ಜೊತೆಗೆ ಹೋಲಿಸಲು ಬೇರೆ 41 ಜನ. ಕೊಲೆ ಆರೋಪಿಗಳಲ್ಲಿ ಮೆದುಳಿನ ಮುಂಭಾಗ ಕಡಿಮೆ ಗ್ಲೂಕೋಸ್ ಬಳಸುತ್ತಿತ್ತು, ಅಂದರೆ ಕಡಿಮೆ ಕೆಲಸ ಮಾಡುತ್ತಿತ್ತು. ಇದನ್ನೇ ಹಿಡಿದುಕೊಂಡು "ಕೊಲೆಗಾರನ ಮೆದುಳು" ಅಂತ ಬೇಕಾದಷ್ಟು ಜನ ಬರೆದರು. ಆ 41 ಜನ ಯಾರು ಅಂತ ನೋಡಿ. ಎಲ್ಲರೂ ಮಾನಸಿಕ ಅಸ್ವಸ್ಥತೆಯ ಕಾರಣ ಮುಂದಿಟ್ಟವರು. ಅವರಲ್ಲಿ 23 ಮಂದಿಗೆ ಮೊದಲೇ ತಲೆಗೆ ಪೆಟ್ಟು ಬಿದ್ದಿತ್ತು ಅಥವಾ ಮೆದುಳಿಗೆ ಹಾನಿಯಾಗಿತ್ತು. ಅರ್ಧಕ್ಕಿಂತ ಹೆಚ್ಚು! ಅದು ಕೊಲೆಗಾರರ ಮೆದುಳೋ, ಪೆಟ್ಟು ತಿಂದವರ ಮೆದುಳೋ? ರೈನ್ ಇದನ್ನು ಮುಚ್ಚಿಡಲಿಲ್ಲ, ಬರೆದೇ ಇದ್ದಾನೆ. ಬೇರೆಯವರು ಓದಲಿಲ್ಲ ಅಷ್ಟೆ.

ನನಗೆ ಲೆಕ್ಕ ಇಷ್ಟ, ಹಾಗಾಗಿ ಸ್ವೀಡನ್ನಿನ ಲೆಕ್ಕ ಜಾಸ್ತಿ ಹಿಡಿಸಿತು. ಇಡೀ ದೇಶದ ಆಸ್ಪತ್ರೆ ದಾಖಲೆ, ಕೋರ್ಟ್ ದಾಖಲೆ ಎರಡನ್ನೂ ಜೋಡಿಸಿ, 35 ವರ್ಷದ್ದನ್ನು ನೋಡಿ 2011ರಲ್ಲಿ ಪ್ರಕಟಿಸಿದರು. ತಲೆಗೆ ಗಂಭೀರ ಪೆಟ್ಟಾದವರಲ್ಲಿ ನೂರಕ್ಕೆ 8.8 ಜನ ಆಮೇಲೆ ಹಿಂಸೆಯ ಅಪರಾಧ ಮಾಡಿದ್ದರು. ಉಳಿದವರಲ್ಲಿ ನೂರಕ್ಕೆ 3. ಪೆಟ್ಟಾಗದ ಸ್ವಂತ ಒಡಹುಟ್ಟಿದವರ ಜೊತೆ ಹೋಲಿಸಿದರೆ ವ್ಯತ್ಯಾಸ ಕಮ್ಮಿಯಾಯಿತು, ಆದರೆ ಹೋಗಲಿಲ್ಲ. ಮೂರ್ಛೆ ರೋಗದವರನ್ನೂ ಹೀಗೇ ನೋಡಿದರು. ಅಲ್ಲಿ ಒಡಹುಟ್ಟಿದವರ ಜೊತೆ ಹೋಲಿಸಿದಾಗ ವ್ಯತ್ಯಾಸವೇ ಮಾಯ. ಫಿಟ್ಸ್ ಇರುವವರನ್ನು ಕಂಡರೆ ಹೆದರುವ ಜನ ನಮ್ಮಲ್ಲಿ ಈಗಲೂ ಇದ್ದಾರಲ್ಲ, ಅವರಿಗಾಗಿ ಇದನ್ನು ದಪ್ಪ ಅಕ್ಷರದಲ್ಲಿ ಬರೆದು ಸಂತೆಯಲ್ಲಿ ನೇತುಹಾಕಬೇಕು ಅನ್ನಿಸುತ್ತದೆ.

ಪೆಟ್ಟಿನ ಲೆಕ್ಕವನ್ನು ತಿರುಗಿಸಿಯೂ ನೋಡಬೇಕು. ನೂರಕ್ಕೆ ತೊಂಬತ್ತೊಂದು ಮಂದಿ ಏನೂ ಮಾಡಲಿಲ್ಲ. ಪೆಟ್ಟು ಅಪರಾಧ ಬರೆಯುವುದಿಲ್ಲ. ಸಾಧ್ಯತೆಯನ್ನು ಸ್ವಲ್ಪ ಆಚೆಗೆ ಜರುಗಿಸುತ್ತದೆ, ಅಷ್ಟೆ.

ಹುಟ್ಟಿನಲ್ಲೇ ಅಪರಾಧಿ ಅಂತ ಹೇಳುವ ಚಟ ಹಳೆಯದು. 1870ರ ಸುಮಾರಿಗೆ ಇಟಲಿಯಲ್ಲಿ ಲೊಂಬ್ರೋಸೋ ಎಂಬ ಡಾಕ್ಟರ್ ಒಬ್ಬ ಕಳ್ಳನ ತಲೆಬುರುಡೆಯ ಹಿಂಭಾಗದಲ್ಲಿ ಒಂದು ಗುಳಿ ಕಂಡು, ಅಪರಾಧಿಗಳು ಹುಟ್ಟುವುದೇ ಬೇರೆ ಥರ ಅಂತ ಸಾರಿದ. ಅದೇ ಕಾಲಕ್ಕೆ, 1871ರಲ್ಲಿ, ಬ್ರಿಟಿಷರು ನಮ್ಮ ದೇಶದಲ್ಲಿ ಕ್ರಿಮಿನಲ್ ಟ್ರೈಬ್ಸ್ ಆಕ್ಟ್ ತಂದು ಇಡೀ ಇಡೀ ಸಮುದಾಯಗಳನ್ನೇ ಹುಟ್ಟು ಅಪರಾಧಿಗಳ ಪಟ್ಟಿಗೆ ಹಾಕಿದರು. ಅದು ರದ್ದಾದದ್ದು 1952ರಲ್ಲಿ. ಪಟ್ಟಿ ಹೋಯಿತು, ಅಭ್ಯಾಸ ಹೋಗಲಿಲ್ಲ. ತೋಟದ ಕಡೆ ಏನಾದರೂ ಆದರೆ "ಅಸ್ಸಾಮಿನವರಾ?" ಅನ್ನುತ್ತಾರೆ, ಇಲ್ಲ ಅಂದರೆ ಹಾಡಿಯ ಆದಿವಾಸಿ ಜನರ ಕಡೆ ಬೆರಳು. ಏಣಿಯವನು ಎರಡೂ ಅಲ್ಲ, ಅದಕ್ಕೇ ಪಾಪ ಊರಿಗೆ ಬೇರೆ ಕಾರಣ ಸಿಗದೆ ಎಣ್ಣೆಗೆ ಬಂದು ನಿಂತಿತು. ಈಗಿನ ಸ್ಕ್ಯಾನ್ ಚಿತ್ರಗಳನ್ನು ಲೊಂಬ್ರೋಸೋನ ಗುಳಿಯ ಹಾಗೆ ಬಳಸಲು ಹೊರಟವರ ಮೇಲೆ ನನಗೆ ಒಂದಿಷ್ಟೂ ನಂಬಿಕೆ ಇಲ್ಲ. 2018ರಲ್ಲಿ ಅಮೆರಿಕದ ಕೆಲವರು, ಮೆದುಳಿಗೆ ಹಾನಿಯಾದ ಮೇಲೆ ಅಪರಾಧ ಮಾಡಿದ 17 ಜನರ ಸ್ಕ್ಯಾನ್ ಕೂಡಿಸಿ ನೋಡಿದರು. ಹಾನಿ ಒಬ್ಬೊಬ್ಬರಿಗೆ ಒಂದೊಂದು ಕಡೆ. ಆದರೆ ಆ ಜಾಗಗಳೆಲ್ಲ ಒಂದೇ ಜಾಲಕ್ಕೆ ಸೇರಿದ್ದವು, ತಪ್ಪು ಸರಿ ತೂಗುವಾಗ ಕೆಲಸ ಮಾಡುವ ಜಾಲ. ಮೆದುಳಿನಲ್ಲಿ ಅಪರಾಧದ ಮನೆ ನಂಬರ್ ಅಂತ ಒಂದಿಲ್ಲ.

ಈಗ ಕಷ್ಟದ ಜಾಗಕ್ಕೆ ಬರುತ್ತೇನೆ, ಕೋರ್ಟಿಗೆ.

ಹಳೆ ಐಪಿಸಿಯ 84, ಈಗಿನ ಭಾರತೀಯ ನ್ಯಾಯ ಸಂಹಿತೆಯ 22ನೇ ಸೆಕ್ಷನ್ ಕೇಳುವುದು ಇಷ್ಟು: ಆ ಕೆಲಸ ಮಾಡುವಾಗ, ಬುದ್ಧಿ ಸ್ವಾಧೀನದಲ್ಲಿ ಇಲ್ಲದ ಕಾರಣಕ್ಕೆ, ತಾನು ಏನು ಮಾಡುತ್ತಿದ್ದೇನೆ, ಅದು ತಪ್ಪು ಅಂತ ತಿಳಿಯುವ ಸ್ಥಿತಿಯಲ್ಲಿ ಅವನು ಇರಲಿಲ್ಲವೇ? ಇದರ ಬೇರು 1843ರ ಇಂಗ್ಲೆಂಡಿನ ಮೆಕ್‌ನಾಟನ್ ಪ್ರಕರಣದಲ್ಲಿದೆ. ತಿಳಿದಿತ್ತಾ ಅಂತ ಕೇಳುತ್ತದೆಯೇ ಹೊರತು, ತಡೆದುಕೊಳ್ಳಲು ಆಗುತ್ತಿತ್ತಾ ಅಂತ ಕೇಳುವುದಿಲ್ಲ. ಮೆದುಳಿನ ಮುಂಭಾಗ ಹೋದವರಲ್ಲಿ ಹೋಗುವುದು ಹೆಚ್ಚಾಗಿ ಎರಡನೆಯದು. ವರ್ಜೀನಿಯಾದಲ್ಲಿ ಒಬ್ಬ ಮೇಷ್ಟ್ರು ಇದ್ದರು, ನಲವತ್ತು ವಯಸ್ಸು. ಇದ್ದಕ್ಕಿದ್ದಂತೆ ಮಕ್ಕಳ ಮೇಲೆ ಕೆಟ್ಟ ಕಣ್ಣು ಬಿತ್ತು, ಮಲಮಗಳ ವಿಷಯದಲ್ಲಿ ಕೇಸಾಯಿತು. ಶಿಕ್ಷೆಯ ಹಿಂದಿನ ರಾತ್ರಿ ತಲೆನೋವು ಅಂತ ಆಸ್ಪತ್ರೆಗೆ ಹೋದರೆ, ಅದೇ ಕಣ್ಣುಗುಳಿಯ ಮೇಲಿನ ಭಾಗದಲ್ಲಿ ದೊಡ್ಡ ಗೆಡ್ಡೆ. ತೆಗೆದರು, ಆಸೆಯೂ ಹೋಯಿತು. ಮುಂದಿನ ವರ್ಷ ಅದೇ ಚಾಳಿ ಮತ್ತೆ ಶುರುವಾಯಿತು. ಸ್ಕ್ಯಾನ್ ಮಾಡಿದರೆ ಗೆಡ್ಡೆ ಮತ್ತೆ ಬೆಳೆದಿತ್ತು. 2003ರಲ್ಲಿ ಡಾಕ್ಟರುಗಳು ಇದನ್ನು ಬರೆದರು. ತಾನು ಮಾಡುತ್ತಿರುವುದು ತಪ್ಪು ಅಂತ ಆ ಮನುಷ್ಯನಿಗೆ ಪೂರ್ತಿ ಗೊತ್ತಿತ್ತು. ನಮ್ಮ 22ನೇ ಸೆಕ್ಷನ್ ಅವನಿಗೆ ಸಹಾಯ ಮಾಡುತ್ತಿರಲಿಲ್ಲ. ಏಣಿಯವನಿಗೂ ಮಾಡುವುದಿಲ್ಲ. ಕತ್ತಿ ಬೀಸಿದ್ದು ತಪ್ಪು ಅಂತ ಅವನೇ ಪೊಲೀಸರ ಎದುರು ಅತ್ತಿದ್ದಾನೆ. ತಾನಾಗಿ ಕುಡಿದ ಅಮಲನ್ನೂ ಕಾನೂನು ನೆಪ ಅಂತ ಒಪ್ಪುವುದಿಲ್ಲ.

ಬಹಳ ಯೋಚಿಸಿದ ಮೇಲೆ, ಕಾನೂನು ಇಲ್ಲಿ ಗಟ್ಟಿಯಾಗಿ ನಿಂತಿರುವುದೇ ಸರಿ ಅಂತ ನನ್ನ ಅಭಿಪ್ರಾಯ. ಸ್ಕ್ಯಾನ್ ತೋರಿಸಿ ಮನೆಗೆ ಹೋಗಬಹುದು ಅಂತಾದರೆ ಅದು ಸಿಗುವುದು ಸ್ಕ್ಯಾನ್ ಮಾಡಿಸಲು ದುಡ್ಡಿದ್ದವರಿಗೆ. ಆದರೆ ಶಿಕ್ಷೆ ಎಷ್ಟು, ಜಾಮೀನಿನ ಮೇಲೆ ಯಾವ ಷರತ್ತು, ಚಿಕಿತ್ಸೆ ಬೇಕಾ ಅನ್ನುವಾಗ ಆ ಕಾಗದ ಮೇಜಿನ ಮೇಲೆ ಇರಬೇಕು. ಎದುರು ದಿಕ್ಕಿನಿಂದಲೂ ನಮ್ಮ ರಾಜ್ಯಕ್ಕೆ ಅನುಭವ ಇದೆ. ಮೆದುಳಿನ ಅಲೆ ಅಳೆದು ಆರೋಪಿಯ ಒಳಗಿನ ಗುಟ್ಟು ತೆಗೆಯುತ್ತೇವೆ ಅಂತ ಒಂದು ಕಾಲದಲ್ಲಿ ಭಾರೀ ಉತ್ಸಾಹ ಇತ್ತು. ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ, 2010ರ ಮೇ 5ರಂದು, ಸುಪ್ರೀಂ ಕೋರ್ಟ್ ಮಂಪರು ಪರೀಕ್ಷೆ, ಸುಳ್ಳು ಪತ್ತೆ, ಬ್ರೈನ್ ಮ್ಯಾಪಿಂಗ್ ಯಾವುದನ್ನೂ ಒಪ್ಪಿಗೆ ಇಲ್ಲದೆ ಮಾಡುವಂತಿಲ್ಲ ಅಂದಿತು. ಒಳ್ಳೆಯದಾಯಿತು.

ಕೊಡಗಿನವನಾಗಿ ಕೋವಿಯ ಮಾತು ಬಿಡುವಂತಿಲ್ಲ. ಕೊಡವರಿಗೆ, ಜಮ್ಮ ಜಾಗ ಅಂದರೆ ಹಿಂದಿನಿಂದ ವಂಶಪಾರಂಪರ್ಯವಾಗಿ ಬಂದ ಜಮೀನು ಇರುವವರಿಗೆ ಕೋವಿಗೆ ಲೈಸೆನ್ಸ್ ವಿನಾಯಿತಿ ಇದೆ, ಬ್ರಿಟಿಷರ ಕಾಲದಿಂದ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು. ಗಂಡು ಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು. ಆಯುಧ ಪೂಜಿಸುವ ಕೈಲ್‌ಪೊಳ್ದ್ ಹಬ್ಬದ ದಿನ ಹೂ ಇಟ್ಟು ಪೂಜೆ. ಕೋವಿಯನ್ನು ಇಷ್ಟು ಗೌರವದಿಂದ ಇಟ್ಟುಕೊಳ್ಳುವ ಜನರನ್ನು ನಾನು ಬೇರೆಲ್ಲೂ ಕಂಡಿಲ್ಲ. ನಮ್ಮದು ಜಮ್ಮ ಅಲ್ಲ, ಮನೆಯಲ್ಲಿ ಕೋವಿ ಇಲ್ಲ, ಆದರೂ ಆ ವಿನಾಯಿತಿಯ ವಿರೋಧಿ ನಾನಲ್ಲ. ಆದರೆ ತಲೆಗೆ ಪೆಟ್ಟು ಬಿದ್ದು ಸ್ವಭಾವ ಬದಲಾದವನು ಮನೆಯಲ್ಲಿದ್ದರೆ, ಕೋವಿ ಸ್ವಲ್ಪ ದಿನ ದೊಡ್ಡಪ್ಪನ ಮನೆಯಲ್ಲಿ ಇರಲಿ ಅನ್ನುವುದರಲ್ಲಿ ಯಾವ ಅವಮಾನವೂ ಇಲ್ಲ. ಸಿಟ್ಟು ಬರುವುದು ಒಂದು ಗಳಿಗೆ. ಆ ಗಳಿಗೆಯಲ್ಲಿ ಕೈಗೆ ಏನು ಸಿಗುತ್ತದೆ ಅನ್ನುವುದನ್ನು ಮೆದುಳಿನ ಡಾಕ್ಟರ್ ತೀರ್ಮಾನಿಸುವುದಿಲ್ಲ, ಮನೆಯವರು ತೀರ್ಮಾನಿಸುತ್ತಾರೆ.

ಟೆಕ್ಸಸ್‌ನ ಚಾರ್ಲ್ಸ್ ವಿಟ್ಮನ್ ಕಥೆ ಓದಿದಾಗಿನಿಂದ ಇದು ತಲೆಯಲ್ಲೇ ಉಳಿದಿದೆ. 25 ವರ್ಷದ ವಿದ್ಯಾರ್ಥಿ. 1966ರ ಆಗಸ್ಟ್ 1ರಂದು ತಾಯಿಯನ್ನು, ಹೆಂಡತಿಯನ್ನು ಕೊಂದು, ಆಸ್ಟಿನ್ ವಿಶ್ವವಿದ್ಯಾಲಯದ ಗೋಪುರ ಹತ್ತಿ ಕಂಡವರಿಗೆಲ್ಲ ಗುಂಡು ಹಾರಿಸಿದ. ಪೊಲೀಸರ ಗುಂಡಿಗೆ ಸತ್ತ. ನಾನು ಸತ್ತ ಮೇಲೆ ನನ್ನ ತಲೆ ಕೊಯ್ದು ನೋಡಿ, ಒಳಗೆ ಏನೋ ಸರಿಯಿಲ್ಲ ಅನ್ನುವ ಅರ್ಥದ ಚೀಟಿ ಬರೆದಿಟ್ಟಿದ್ದ. ನೋಡಿದರು, ಗೆಡ್ಡೆ ಇತ್ತು. ಅದೇ ಕಾರಣ ಅಂತ ತನಿಖಾ ಆಯೋಗದ ತಜ್ಞರು ಹೇಳಲಿಲ್ಲ, ಪಾಲಿರಬಹುದು ಅಂದರು. ನನ್ನನ್ನು ಕಾಡುವುದು ಗೆಡ್ಡೆಯಲ್ಲ. ಆ ವರ್ಷದ ಮಾರ್ಚ್‌ನಲ್ಲೇ ಅವನು ಮನೋವೈದ್ಯರ ಹತ್ತಿರ ಹೋಗಿ, ಜಿಂಕೆ ಹೊಡೆಯುವ ಕೋವಿ ಹಿಡಿದು ಗೋಪುರದಿಂದ ಜನರಿಗೆ ಗುಂಡು ಹೊಡೆಯುವ ಯೋಚನೆ ಬರುತ್ತಿದೆ ಅಂತ ಬಾಯಿಬಿಟ್ಟು ಹೇಳಿದ್ದ.

ಏಣಿಯವನ ಹೆಂಡತಿಯೂ ಹೇಳಿದ್ದಳು. ವಾಸನೆ ಅಂದಳು, ಚೀಟಿ ಅಂದಳು, ನಾಯಿ ಅಂದಳು. ಕೇಳಿಸಿಕೊಂಡವರು ಸುಮಾರು ಜನ, ಒಟ್ಟು ಸೇರಿಸಿ ನೋಡುವವರು ಇರಲಿಲ್ಲ. ಹಾಗಾಗಿ ಈಗ ನಮ್ಮಲ್ಲಿ ಯಾರೇ ಬಿದ್ದು ತಲೆಗೆ ಪೆಟ್ಟಾದರೂ, ಮನೆಯವರನ್ನು ಆಗಾಗ ಕೇಳುತ್ತೇನೆ. ವಾಸನೆ ಬರುತ್ತಾ, ನಿದ್ದೆ ಹೇಗೆ, ದುಡ್ಡಿನ ವಿಷಯದಲ್ಲಿ ಬದಲಾಗಿದ್ದಾನಾ, ಸಿಟ್ಟು ಮೊದಲಿನ ಹಾಗೇ ಇದೆಯಾ. ಬಿದ್ದವನನ್ನು ಮಾತ್ರ ಕೇಳಿ ಪ್ರಯೋಜನ ಇಲ್ಲ, ಎಷ್ಟೋ ಸಲ ಅವನಿಗೆ ತಾನು ಬದಲಾದದ್ದೇ ಗೊತ್ತಾಗುವುದಿಲ್ಲ. ಅನುಮಾನ ಬಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮನಸ್ 14416ಕ್ಕೆ ಫೋನ್ ಮಾಡಿಸಿ, ಕನ್ನಡದಲ್ಲಿ ಮಾತಾಡುತ್ತಾರೆ, ದುಡ್ಡಿಲ್ಲ. ಪೆಟ್ಟು ಬಿದ್ದ ಮೇಲೆ ಎಣ್ಣೆ ಪೂರ್ತಿ ಬಂದ್, ಇದರಲ್ಲಿ ಚೌಕಾಸಿ ಬೇಡ. ಹೆಲ್ಮೆಟ್ ತರಿಸಿದ್ದೇವೆ. ಅಂಚು ಇರುವುದನ್ನು ಹಾಕಿದರೆ ಮೇಲಿನ ಕಾಳು ಕಾಣಲ್ಲ ಅಂತ ಹುಡುಗರ ತಕರಾರು, ಅದೂ ನಿಜವೇ. ಬಂಡೆ ಹತ್ತುವವರು ಹಾಕುವ ಅಂಚಿಲ್ಲದ ಹೆಲ್ಮೆಟ್ ಬೇಕು. ಬೆಲೆ ಕೇಳಿ ಸಾಹುಕಾರರು ಇನ್ನೂ ಗೊಣಗುತ್ತಿದ್ದಾರೆ.

ಏಣಿಯವನು ಜಾಮೀನಿನ ಮೇಲೆ ಹೊರಗಿದ್ದಾನೆ. ಮನೋವೈದ್ಯರು ಪ್ರೊಪ್ರನಲಾಲ್ ಅನ್ನೋ ಮಾತ್ರೆ ಕೊಟ್ಟಿದ್ದಾರೆ. ಬಿಪಿಗೆ ಕೊಡುವ ಹಳೆ ಮಾತ್ರೆ, ತಲೆಗೆ ಪೆಟ್ಟಾದವರ ಸಿಟ್ಟಿಗೂ ಕೊಡುತ್ತಾರಂತೆ. ಕುಡಿತ ನಿಂತಿದೆ. ಕಣದಲ್ಲಿ ಕಾಫಿ ಹರಡುವ, ಒಟ್ಟುವ ಕೆಲಸಕ್ಕೆ ಹಾಕಿದ್ದೇವೆ, ದಿನಾ ಒಂದೇ ಹೊತ್ತಿಗೆ. ಗೇಜ್‌ನ ಕುದುರೆ ಕೋಚ್ ನೆನಪಿನಲ್ಲಿ ಮೇಸ್ತ್ರಿಗೆ ನಾನೇ ಹೇಳಿದ್ದು. ಮೊದಲಿಗಿಂತ ವಾಸಿ ಅನ್ನುತ್ತಾಳೆ ಹೆಂಡತಿ. ಮೊದಲಿನ ಮನುಷ್ಯನಂತೂ ಅಲ್ಲವಂತೆ.

ಅವಳ ತಮ್ಮನಿಗೆ ಮಾತ್ರ ಈ ಮೆದುಳಿನ ಕಥೆ ಕೇಳುವ ಮನಸ್ಸಿಲ್ಲ. "ನನ್ನ ಕೈ ಹೆಗಲಿಂದ ಮೇಲೆ ಏಳಲ್ಲ ರೈಟರೇ, ಅದಕ್ಕೆ ಯಾವ ಸ್ಕ್ಯಾನ್?" ಅಂದ. ಅವನಿಗೆ ಹೇಳಲು ನನ್ನ ಹತ್ತಿರ ಉತ್ತರ ಇಲ್ಲ, ಇರಬೇಕಾಗಿಯೂ ಇಲ್ಲ. ಇಬ್ಬರನ್ನೂ ಬೇರೆ ಬೇರೆ ಲೈನಿಗೆ ಹಾಕಿದ್ದೇವೆ. ಅವನು ಸಾಕ್ಷಿ ಹೇಳುತ್ತಾನೆ, ಹೇಳಲೇಬೇಕು. ಡಿಸ್ಚಾರ್ಜ್ ಶೀಟಿನ ಜೆರಾಕ್ಸ್ ವಕೀಲರಿಗೆ ಕೊಟ್ಟಿದ್ದೇನೆ. ಎರಡೂ ಜಡ್ಜ್ ಎದುರಿಗೆ ಹೋಗಲಿ.